ಎಲ್ಲಾ ಟ್ಯೂಬಾಗೂ ಆಗುತ್ತೆ ಅಂದ ಮೌತ್‌ಪೀಸ್ ನನ್ನ ಟ್ಯೂಬಾಗೆ ಆಗಲಿಲ್ಲ

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು

ಇಂದ,
ಒಬ್ಬ ಬ್ಯಾಂಡ್ ವಾದಕ, ಶಹಾಪುರ, ಬೆಳಗಾವಿ

ವಿಷಯ: ಟ್ಯೂಬಾ ಮೌತ್‌ಪೀಸ್ ಬದಲಿಸಿಕೊಡುವ ಬಗ್ಗೆ

ಮಾನ್ಯರೇ,

ಹನ್ನೆರಡು ವರ್ಷದಿಂದ ಮದುವೆ, ಜಾತ್ರೆ, ಗಣಪತಿ ಮೆರವಣಿಗೆಗಳಲ್ಲಿ ಟ್ಯೂಬಾ ಎಂಬ ದೊಡ್ಡ ಹಿತ್ತಾಳೆ ವಾದ್ಯ ಊದುತ್ತಿದ್ದೇನೆ. ತುಟಿಗಿಟ್ಟು ಊದುವ ಹಳೆಯ ಮೌತ್‌ಪೀಸಿನ ಬೆಳ್ಳಿ ಲೇಪ ಸವೆದು ಹಿತ್ತಾಳೆ ಕಾಣುತ್ತಿತ್ತು, ತುಟಿ ಉರಿಯುತ್ತಿತ್ತು. ಹೊಸದಕ್ಕೆಂದು ಆಗಸ್ಟ್ 4ರಂದು ನಿಮಗೆ 3,450 ರೂಪಾಯಿ ಕಟ್ಟಿದೆ.

ಕಣ್ಣು ಮುಚ್ಚಿ ಆರ್ಡರ್ ಮಾಡಿದವನಲ್ಲ ನಾನು. ಹಳೆಯದರಲ್ಲಿ ತುಟಿ ಕೂರುವ ಬಟ್ಟಲಿನ ಅಗಲವನ್ನು ವರ್ನಿಯರ್ ಹಿಡಿದು ಅಳೆದೆ, 32 ಮಿ.ಮೀ. ಇತ್ತು. ಬಟ್ಟಲು ಲಾಳಿಕೆಯ ಹಾಗೆ ಆಳವಾಗಿ ಇಳಿದಿರಬೇಕು, ದುಂಡು ತಳದ್ದು ನನ್ನ ಬಾಯಿಗೆ ಒಗ್ಗುವುದಿಲ್ಲ. ನಿಮ್ಮ ವೆಬ್ ಪುಟದಲ್ಲಿ ಇವೆರಡೂ ಸರಿ ಇದ್ದವು. ವಾದ್ಯದೊಳಗೆ ಕೂರುವ ಶ್ಯಾಂಕಿನ ಅಳತೆ ಮಾತ್ರ ಎಲ್ಲೂ ಇರಲಿಲ್ಲ. ಅದಕ್ಕೇ ಫೋನ್ ಮಾಡಿ, ನನ್ನದು ಯುರೋಪಿಯನ್ ಶ್ಯಾಂಕ್ ಬೇಡುವ ಟ್ಯೂಬಾ ಎಂದು ಬಿಡಿಸಿ ಹೇಳಿದೆ. "ತಲೆ ಕೆಡಿಸ್ಕೋಬೇಡಿ ಸಾರ್, ಎಲ್ಲಾ ಟ್ಯೂಬಾಗೂ ಆಗುತ್ತೆ" ಎಂದರು ನಿಮ್ಮವರು.

ಬಂದದ್ದು ಅದಕ್ಕಿಂತ ತೆಳುವಾದ ಅಮೆರಿಕನ್ ಶ್ಯಾಂಕ್. ದಪ್ಪದಲ್ಲಿ ವ್ಯತ್ಯಾಸ ಒಂದು ಮಿ.ಮೀ. ಕೂಡ ಇಲ್ಲ, ಒಪ್ಪುತ್ತೇನೆ. ಆದರೆ ಅಷ್ಟಕ್ಕೇ ಅದು ಜಾಸ್ತಿ ಒಳಗಿಳಿದು ಲಟಲಟ ಅಲ್ಲಾಡುತ್ತದೆ. ಸಂದಿಯಲ್ಲಿ ಗಾಳಿ ಸೋರುತ್ತದೆ, ಶ್ರುತಿ ನಿಲ್ಲುವುದಿಲ್ಲ. ನಮ್ಮ ಬ್ಯಾಂಡಿನ ಹಿರಿಯರೊಬ್ಬರು ಕಾಗದದ ಪಟ್ಟಿ ಸುತ್ತಿಕೊಟ್ಟರು. ಎರಡು ಹಾಡು ನಡೆಯಿತು. ಮೂರನೆಯದಕ್ಕೆ ಕಾಗದ ತೇವ ಕುಡಿದು ಮುದ್ದೆಯಾಯಿತು. ಬೆಳಗಾವಿಯ ವಿಸರ್ಜನೆ ಮೆರವಣಿಗೆ ನೀವು ನೋಡಿರಲಿಕ್ಕಿಲ್ಲ. ಸಂಜೆ ಹೊರಟ ಗಣಪತಿಗಳು ಕಪಿಲೇಶ್ವರ ಹೊಂಡ ಮುಟ್ಟುವಾಗ ಮರುದಿನ ಬೆಳಗಾಗಿರುತ್ತದೆ. ಅಷ್ಟು ಹೊತ್ತೂ ನಾನು ಕಾಗದ ಸುತ್ತುತ್ತಾ ನಡೆಯಲೇ?

ವಾಪಸ್ ಕಳಿಸುತ್ತೇನೆಂದರೆ "ಬಾಯಿಗೆ ತಾಗಿದ ವಸ್ತು ತಗೊಳ್ಳಲ್ಲ" ಎಂಬ ಉತ್ತರ ಬಂತು. ಊದಿದ್ದು ನಿಜ, ಮುಚ್ಚಿಡುವುದಿಲ್ಲ. ಊದದೆ ಮೌತ್‌ಪೀಸ್ ಹೇಗೆ ನೋಡುವುದು ಅಂತ ನೀವೇ ಹೇಳಿ. ಅಷ್ಟಕ್ಕೂ ತಪ್ಪಿರುವುದು ತುಟಿಯ ಕಡೆ ಅಲ್ಲ, ಇನ್ನೊಂದು ತುದಿಯಲ್ಲಿ.

ಅದೇ ಬಟ್ಟಲಿನ, ಯುರೋಪಿಯನ್ ಶ್ಯಾಂಕಿನ ಮೌತ್‌ಪೀಸ್ ಕಳಿಸಿ. ಇಲ್ಲವೇ ಪೂರ್ತಿ ಹಣ ವಾಪಸ್ ಮಾಡಿ. ಕೊರಿಯರ್ ಖರ್ಚು ನಿಮ್ಮದೇ. ಹೇಳಿದ್ದೊಂದು, ಕಳಿಸಿದ್ದೊಂದು ಆದಾಗ ಮಾರಿದವರು ಮಾಲು ವಾಪಸ್ ಪಡೆಯಲೇಬೇಕು ಎಂದು 2020ರ ಇ-ಕಾಮರ್ಸ್ ನಿಯಮಗಳಲ್ಲಿದೆ. ಹತ್ತು ದಿನ ಕಾಯುತ್ತೇನೆ, ಆಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ನಿಮ್ಮ ಪುಟದಲ್ಲಿ ಶ್ಯಾಂಕಿನ ಅಳತೆಯನ್ನೂ ಹಾಕಿಬಿಡಿ, ಒಂದು ಸಾಲಿನ ಕೆಲಸ ಅಲ್ವಾ?

ಬಿಲ್ ಮತ್ತು ಎರಡೂ ಮೌತ್‌ಪೀಸುಗಳನ್ನು ಪಕ್ಕಪಕ್ಕ ಇಟ್ಟು ತೆಗೆದ ಫೋಟೊ ಜೊತೆಗಿದೆ. ಎಡಗಡೆಯದು ನಿಮ್ಮದು.

ಇಂತಿ,
ನಿಮ್ಮ ಗ್ರಾಹಕ