ನಾಲ್ಕು ಅಲ್ಲ ಸಚಿವರೇ, ನಾಲ್ವರು

ಮಾನ್ಯ ಕಾರ್ಮಿಕ ಸಚಿವರಿಗೆ ನಮಸ್ಕಾರ.

ನಾನು ಒಂದು ಸರ್ಕಾರಿ ಕಚೇರಿಯಲ್ಲಿ ಹೊರಗುತ್ತಿಗೆ ಮೇಲೆ ಡೇಟಾ ಎಂಟ್ರಿ ಆಪರೇಟರ್. ಒಂಬತ್ತು ವರ್ಷ ಆಯಿತು. ಸಂಬಳ ತಡವಾಗುವುದು, ಪಿಎಫ್ ಕಟ್ಟಿದ್ದಾರೋ ಇಲ್ಲವೋ ಅಂತ ಏಜೆನ್ಸಿಗೆ ಫೋನ್ ಮಾಡಿ ಮಾಡಿ ಸಾಕಾಗುವುದು, ಇವೆಲ್ಲ ನಿಮ್ಮ ಟೇಬಲ್ ಮೇಲೆ ಬಂದೇ ಇರುತ್ತವೆ. ಇವತ್ತು ಅದಕ್ಕಾಗಿ ಬರೆಯುತ್ತಿಲ್ಲ. ‘ಮ್ಯಾನ್‌ಪವರ್’ ಅನ್ನುವ ಒಂದು ಪದದ ಬಗ್ಗೆ ಬರೆಯುತ್ತಿದ್ದೇನೆ. ದಯವಿಟ್ಟು ನಗಬೇಡಿ.

ಮುಂದಿನ ವರ್ಷಕ್ಕೆ ಏನೇನು ಬೇಕು ಅನ್ನುವ ಬೇಡಿಕೆ ಪಟ್ಟಿಯನ್ನು ಟೈಪ್ ಮಾಡಲು ನನಗೇ ಕೊಟ್ಟರು. ಟೋನರ್, 6. ತಿರುಗುವ ಕುರ್ಚಿ, 10. ಗೋಡೆ ಫ್ಯಾನ್, 2. ಮ್ಯಾನ್‌ಪವರ್, 4. ಆ ನಾಲ್ಕು ಅಂದರೆ ನಾವು. ನನ್ನನ್ನು ನಾನೇ ಟೈಪ್ ಮಾಡಿ, ಪ್ರಿಂಟ್ ತೆಗೆದು, ಸಹಿಗೆ ಇಟ್ಟೆ. ಕುರ್ಚಿಯ ಮುಂದೆ ಷರಾ ಕಾಲಂನಲ್ಲಿ ‘ಕೈ ಇರುವಂಥದ್ದು’ ಅಂತ ಬರೆದಿದ್ದರು. ನಮ್ಮ ಮುಂದೆ ಷರಾ ಖಾಲಿ. ಅಂದಹಾಗೆ, ಆ ನಾಲ್ಕು ‘ಮ್ಯಾನ್’ಗಳಲ್ಲಿ ಮೂವರು ಹೆಂಗಸರು.

ಅಷ್ಟೇ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ಸ್ವಲ್ಪ ದಿನ ಕಳೆದ ಮೇಲೆ ಮೇಲಿನ ಕಚೇರಿಯಿಂದ ತಪಾಸಣೆಗೆ ಬಂದರು. ಬೀರು ಎಣಿಸಿದರು, ಕಂಪ್ಯೂಟರ್ ಎಣಿಸಿದರು. ಆಮೇಲೆ “ಮ್ಯಾನ್‌ಪವರ್ ಎಲ್ಲಿದೆ?” ಅಂದರು. ನಾವು ಎದ್ದು ನಿಂತೆವು. ಪೆನ್ನಿನ ತುದಿಯನ್ನು ಒಬ್ಬೊಬ್ಬರ ಕಡೆ ತೋರಿಸಿ ಎಣಿಸಿ, “ಮೂರೇ ಇದೆಯಲ್ಲ, ಇನ್ನೊಂದು?” ಅಂತ ಕೇಳಿದರು. ಇನ್ನೊಂದಕ್ಕೆ ಟೈಫಾಯ್ಡ್ ಆಗಿತ್ತು. “ಏಜೆನ್ಸಿಗೆ ಹೇಳಿ ರಿಪ್ಲೇಸ್ ಮಾಡಿಸಿ” ಅಂದು ಫ್ಯಾನ್ ಎಣಿಸಲು ಹೋದರು.

ಸೋಮವಾರ ಅವಳ ಜಾಗದಲ್ಲಿ ಒಬ್ಬ ಹುಡುಗ ಕೂತಿದ್ದ. ಪಾಪ, ಅವನದೇನು ತಪ್ಪು? ಅವಳ ನೀರಿನ ಬಾಟಲಿಯನ್ನು ಎಲ್ಲಿಡಬೇಕು ಅಂತ ನನ್ನನ್ನೇ ಕೇಳಿದ. ಮೂರು ವಾರ ಬಿಟ್ಟು ಅವಳು ಬಂದಳು. ಕೈಯಲ್ಲಿ ಡಾಕ್ಟರ್ ಚೀಟಿ. ಎಂಟು ವರ್ಷ ನನ್ನ ಪಕ್ಕದಲ್ಲೇ ಕೂತವಳು ಬಾಗಿಲಲ್ಲೇ ನಿಂತಳು, ಒಳಗೆ ಬರಬಹುದಾ ಅಂತ ಕಣ್ಣಲ್ಲೇ ಕೇಳಿದಳು. ಬಾಟಲಿ ಕೊಟ್ಟೆ. ಇನ್ನೇನು ಕೊಡಲಿ? ಕಾರ್ಟ್ರಿಜ್ ಆಗಿದ್ದರೆ ವಾರಂಟಿಯಾದರೂ ಇರುತ್ತಿತ್ತು.

ಸಚಿವರೇ, ಕನ್ನಡದಲ್ಲಿ ಜನರನ್ನು ಎಣಿಸುವ ರೀತಿಯೇ ಬೇರೆ ಅಲ್ವಾ? ಎರಡು ಕುರ್ಚಿ, ಆದರೆ ಇಬ್ಬರು ನೌಕರರು. ನಾಲ್ಕು ಫ್ಯಾನ್, ಆದರೆ ನಾಲ್ವರು. ಐವರು ದಾಟಿದರೆ ಆರು ಜನ, ಏಳು ಮಂದಿ. ಅಂಗಡಿಗೆ ಹೋಗುವ ಮಗು ಕೂಡ “ಮನೇಲಿ ನಾಲ್ಕು ಇದೆ” ಅನ್ನುವುದಿಲ್ಲ, “ನಾಲ್ಕು ಜನ ಇದ್ದೇವೆ” ಅನ್ನುತ್ತದೆ. ಮ್ಯಾನ್‌ಪವರ್ ಅಂತ ಬರೆದ ತಕ್ಷಣ ‘ಇದ್ದಾರೆ’ ಹೋಗಿ ‘ಇದೆ’ ಬರುತ್ತದೆ. ‘ಬಂದಿದ್ದಾರೆ’ ಹೋಗಿ ‘ಬಂದಿದೆ’. ಆಮೇಲೆ ರಿಪ್ಲೇಸ್ ಮಾಡುವುದು ಯಾರಿಗೂ ಕಷ್ಟ ಅನ್ನಿಸುವುದಿಲ್ಲ. ಆದ್ದರಿಂದ ಜನ ಅಂತ ಬರೆಸಿ.

ಕನ್ನಡ ಮಾಡುತ್ತೇವೆ ಅಂತ ‘ಮಾನವ ಸಂಪನ್ಮೂಲ’ ಅಂತ ಹಾಕಿಬಿಡಬೇಡಿ. ಕಲ್ಲಿದ್ದಲೂ ಸಂಪನ್ಮೂಲವೇ, ನಾವೂ ಸಂಪನ್ಮೂಲವೇ? ದೆಹಲಿಯವರು 1985ರಲ್ಲಿ ಶಿಕ್ಷಣ ಸಚಿವಾಲಯಕ್ಕೆ ಆ ಹೆಸರಿಟ್ಟಿದ್ದರು. 2020ರಲ್ಲಿ ಮತ್ತೆ ಶಿಕ್ಷಣ ಸಚಿವಾಲಯ ಅಂತಲೇ ಮಾಡಿದರು. ಬೋರ್ಡ್ ಬದಲಾಯಿಸಲು ಆಗುತ್ತದೆ ಅಂತಾಯಿತಲ್ಲ. ದುಡಿಮೆ ಸರಕಲ್ಲ ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1944ರಲ್ಲೇ ಫಿಲಡೆಲ್ಫಿಯಾದಲ್ಲಿ ಘೋಷಿಸಿತು. ಅದನ್ನು ಕಾರ್ಮಿಕ ಸಚಿವರಿಗೆ ನಾನು ಹೇಳಿಕೊಡಬೇಕಿಲ್ಲ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯೂ ನಮ್ಮನ್ನು ಕಾರ್ಮಿಕರು ಅಂತಲೇ ಕರೆಯಿತು. ಮ್ಯಾನ್‌ಪವರ್ ಅನ್ನುವುದು ನಿಮ್ಮ ಕಚೇರಿಗಳ ಮಾತು.

ಪದಕ್ಕೇನು ಬರ? ಸಿಬ್ಬಂದಿ ಇದೆ, ನೌಕರರು ಇದೆ, ಕೆಲಸಗಾರರು ಇದೆ. ಸಿಬ್ಬಂದಿ, ನೌಕರ ಎರಡೂ ಹೊರಗಿನಿಂದ ಬಂದ ಪದಗಳು, ಆದರೂ ನಮ್ಮವೇ ಆಗಿವೆ. ಆದ್ದರಿಂದ ಇಂಗ್ಲಿಷ್ ಅಂತ ನನ್ನ ತಕರಾರಲ್ಲ. ಬೇಕಿದ್ದರೆ ಆಳು ಅಂತಲೇ ಬರೆಯಿರಿ, ಬೇಜಾರಿಲ್ಲ. ‘ಆಳಾಗಿ ದುಡಿ, ಅರಸಾಗಿ ಉಣ್ಣು’ ಅನ್ನುವ ಗಾದೆಯಲ್ಲಿ ಆಳಿಗೆ ಊಟವಾದರೂ ಇದೆ.

ಪದ ಬದಲಾದರೆ ಸಂಬಳ ಜಾಸ್ತಿ ಆಗುತ್ತದಾ ಅಂತ ನಮ್ಮ ಸೂಪರಿಂಟೆಂಡೆಂಟ್ ಕೇಳಿದರು. ಆಗುವುದಿಲ್ಲ, ನನಗೂ ಗೊತ್ತು. ಜಾಡಮಾಲಿ ಅನ್ನಿಸಿಕೊಂಡವರು ಪೌರಕಾರ್ಮಿಕರಾದಾಗ ಅವರ ಕೈಯ ಪೊರಕೆಯೇನೂ ಹಗುರವಾಗಲಿಲ್ಲ. ಆದರೂ ಆ ಹಳೆಯ ಹೆಸರನ್ನು ಈಗ ಯಾರಾದರೂ ಸಭೆಯಲ್ಲಿ ಬಾಯಿಬಿಟ್ಟು ಹೇಳಲಿ ನೋಡೋಣ. ನನಗೆ ಅಷ್ಟು ಸಾಕು.

ಒಂದು ಸುತ್ತೋಲೆ ಹೊರಡಿಸಿ. ಟೆಂಡರ್‌ನಲ್ಲಿ, ಬೇಡಿಕೆ ಪಟ್ಟಿಯಲ್ಲಿ, ಹಾಜರಿ ಪುಸ್ತಕದಲ್ಲಿ ಮ್ಯಾನ್‌ಪವರ್ ತೆಗೆಸಿ. ಕುರ್ಚಿ, ಫ್ಯಾನ್ ಇರುವ ಹಾಳೆಯಲ್ಲಿ ನಮ್ಮನ್ನು ಸೇರಿಸಬೇಡಿ, ಬೇರೆ ಹಾಳೆ ಕೊಡಿ. ಅದರಲ್ಲಿ ಜನ ಅಂತ ಬರೆಸಿ. ಪಕ್ಕದಲ್ಲಿ ಹೆಸರು ಬರೆಸಿ. ಖಾಯಿಲೆ ಬಿದ್ದವರಿಗೆ ರಜೆ ಅಂತ ಬರೆಸಿ, ರಿಪ್ಲೇಸ್ ಅಂತ ಬೇಡ. ಸುತ್ತೋಲೆಯ ಟೈಪಿಂಗ್ ನಾನೇ ಮಾಡಿಕೊಡುತ್ತೇನೆ, ತಪ್ಪಿಲ್ಲದೆ.

ಈ ಪತ್ರಕ್ಕೆ ಮಾತ್ರ ನನ್ನ ಹೆಸರು ಹಾಕಿಲ್ಲ. ಹಾಕಿದರೆ ಸೋಮವಾರ ನನ್ನ ಕುರ್ಚಿಯಲ್ಲಿ ಇನ್ನೊಬ್ಬ ಹುಡುಗ ಕೂತಿರುತ್ತಾನೆ.

ಇತಿ,
ಬೇಡಿಕೆ ಪಟ್ಟಿಯ ನಾಲ್ಕರಲ್ಲಿ ಒಬ್ಬಳು