ನೇತ್ರಾಣಿಯಲ್ಲಿ ಮುಳುಗುವವರಿಗೆ ಮೊದಲೇ ಕನ್ನಡದಲ್ಲಿ ತಿಳಿಸಿ

ಮಾನ್ಯ ಸಂಪಾದಕರೇ,

ಮಳೆಗಾಲ ಕಳೆದು ಕಡಲು ತಿಳಿಯಾಗುತ್ತಿದ್ದಂತೆ ಮುರ್ಡೇಶ್ವರದಲ್ಲಿ ಶುರುವಾಗುವ ಸ್ಕೂಬಾ ಡೈವಿಂಗ್ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಇಳಿಯುವುದು) ಹಂಗಾಮು ಬೇಸಿಗೆಯ ಕೊನೆಯವರೆಗೂ ನಡೆಯುತ್ತದೆ. ವಾರಾಂತ್ಯಗಳಲ್ಲಿ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದಿಳಿಯುವವರಲ್ಲಿ ಹಲವರಿಗೆ ಈಜು ಬಾರದು. ಅಂಥವರೂ ತರಬೇತುದಾರರ ಕೈಹಿಡಿದು ನೇತ್ರಾಣಿ ದ್ವೀಪದ ಹವಳಗಳನ್ನು ನೋಡಿ ಬರಬಹುದು. ಇದಕ್ಕೆ ನನ್ನ ವಿರೋಧವಿಲ್ಲ. ಕರಾವಳಿಯವನಾಗಿ ಹೆಮ್ಮೆಯೇ ಇದೆ. ಆದರೆ ಹೊಸಬರಿಗೆ ಹೇಳಲೇಬೇಕಾದ ಸಂಗತಿಗಳನ್ನು ಯಾವಾಗ, ಯಾವ ಭಾಷೆಯಲ್ಲಿ ಹೇಳಲಾಗುತ್ತಿದೆ ಎಂಬುದರ ಬಗ್ಗೆ ಮಾತ್ರ ತಕರಾರಿದೆ.

ನಮ್ಮ ದಡದ ನೀರು ಶರಾವತಿಯಂಥ ನದಿಗಳು ತರುವ ಹೂಳಿನಿಂದ ಕದಡಿರುವುದರಿಂದ ಅಲ್ಲಿ ಹವಳ ಬೆಳೆಯುವುದು ಕಷ್ಟ. ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ನೇತ್ರಾಣಿಯ ಸುತ್ತ ನೀರು ತಿಳಿ, ಹವಳವೂ ಹೆಚ್ಚು ಆಳದಲ್ಲಿಲ್ಲ. ಗಿಳಿಮೀನು, ಚಿಟ್ಟೆಮೀನು, ಬಾರಾಕುಡಾಗಳ ಹಿಂಡು, ಅದೃಷ್ಟವಿದ್ದರೆ ಆಮೆ, ಇವೆಲ್ಲ ಹೊಸಬರು ಇಳಿಯಬಹುದಾದ ಆಳದಲ್ಲೇ ಕಾಣಸಿಗುತ್ತವೆ. ಆದರೂ ಅದು ತೆರೆದ ಸಮುದ್ರವೇ ಹೊರತು ಈಜುಕೊಳವಲ್ಲ.

ತೊಡಕು ಆರೋಗ್ಯದ ಪ್ರಶ್ನಾವಳಿಯಿಂದಲೇ ಆರಂಭವಾಗುತ್ತದೆ. ಆಸ್ತಮಾ, ಅಪಸ್ಮಾರ, ಹೃದಯದ ತೊಂದರೆ, ಕಿವಿಯ ಶಸ್ತ್ರಚಿಕಿತ್ಸೆ, ಗರ್ಭಧಾರಣೆ ಮುಂತಾದವುಗಳಲ್ಲಿ ಯಾವುದಕ್ಕಾದರೂ ‘ಹೌದು’ ಎಂದವರು ವೈದ್ಯರ ಒಪ್ಪಿಗೆಯಿಲ್ಲದೆ ನೀರಿಗಿಳಿಯಬಾರದು ಎಂಬುದು ಅದರ ಉದ್ದೇಶ. ನಾನು ಕಂಡಂತೆ ಆ ಹಾಳೆಯನ್ನು ಇಂಗ್ಲಿಷಿನಲ್ಲಿ, ಬೆಳಿಗ್ಗೆ ದೋಣಿ ಹೊರಡುವ ಗಡಿಬಿಡಿಯಲ್ಲಿ ಕೈಗಿಡಲಾಗುತ್ತದೆ. ಹಣ ಕಟ್ಟಿ, ನಿದ್ದೆಗೆಟ್ಟು ಬಂದು, ಗೆಳೆಯರೆಲ್ಲ ದೋಣಿ ಹತ್ತುತ್ತಿರುವಾಗ ತನಗೆ ಬಾಲ್ಯದಲ್ಲಿ ಆಸ್ತಮಾ ಇತ್ತೆಂದು ಬರೆದು ದಡದಲ್ಲೇ ಉಳಿಯುವವರು ಯಾರು? ಆ ಹೊತ್ತಿನಲ್ಲಿ ತಪಾಸಣೆ ಮಾಡಿ ಸಹಿ ಹಾಕುವ ವೈದ್ಯರಾದರೂ ಎಲ್ಲಿ ಸಿಗುತ್ತಾರೆ? ಓದದೆ ಸಹಿ ಹಾಕುವುದು ಪ್ರವಾಸಿಗರ ತಪ್ಪೇ ಇರಬಹುದು, ಆದರೆ ಓದಲು ಆಗದ ಹಾಗೆ ಕೊಡುವುದೂ ಸಣ್ಣ ತಪ್ಪೇನಲ್ಲ.

ಇದು ಬರೀ ಕಾಗದದ ವಿಚಾರವಲ್ಲ. ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ದಡದಲ್ಲಿರುವುದರ ಎರಡರಷ್ಟಾಗುತ್ತದೆ, ಮತ್ತು ಈ ಬದಲಾವಣೆಯ ಪರಿಣಾಮ ಗಾಳಿ ತುಂಬಿದ ಕಿವಿ, ಸೈನಸ್‌ಗಳ ಮೇಲೆ ಮೊದಲ ಕೆಲವು ಮೀಟರುಗಳಲ್ಲೇ ಅತಿ ಹೆಚ್ಚು. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿಯೊಳಗಿನ ಒತ್ತಡವನ್ನು ಸರಿದೂಗಿಸಿಕೊಳ್ಳುವುದನ್ನು, ನೋವು ಬಂದಮೇಲಲ್ಲ, ನೋವು ಬರುವ ಮುನ್ನವೇ ಮಾಡಬೇಕು. ನೆಗಡಿಯಿದ್ದವರಿಗೆ ಇದು ಸಾಧ್ಯವಾಗದಿರಬಹುದು, ಆದ್ದರಿಂದ ಅವರು ಅಂದು ಇಳಿಯಲೇಬಾರದು. ಇನ್ನೊಂದು ನಿಯಮ ಇದಕ್ಕಿಂತ ಗಂಭೀರವಾದದ್ದು: ನೀರೊಳಗೆ ಉಸಿರು ಕಟ್ಟಿ ಹಿಡಿಯಕೂಡದು. ಮೇಲೇರುವಾಗ ಶ್ವಾಸಕೋಶದೊಳಗಿನ ಗಾಳಿ ಹಿಗ್ಗುತ್ತದೆ, ಹೊರಹೋಗಲು ದಾರಿಯಿಲ್ಲದಿದ್ದರೆ ಕೆಲವೇ ಮೀಟರ್ ಆಳದಿಂದಲೂ ಶ್ವಾಸಕೋಶ ಹರಿಯಬಹುದು. ಗಾಬರಿಗೊಂಡವರು ಮಾಡುವುದು ಅದನ್ನೇ, ಉಸಿರು ಬಿಗಿಹಿಡಿದು ಮೇಲಕ್ಕೆ ಧಾವಿಸುವುದನ್ನು. ಇಂಥದ್ದನ್ನು ಅಲುಗಾಡುವ ದೋಣಿಯಲ್ಲಿ, ಎಂಜಿನ್ ಸದ್ದಿನ ನಡುವೆ, ಅರ್ಧ ಹಿಂದಿ ಅರ್ಧ ಇಂಗ್ಲಿಷಿನಲ್ಲಿ, ವಾಂತಿ ತಡೆದುಕೊಳ್ಳುತ್ತಿರುವವರಿಗೆ ಹೇಳಿದರೆ ಎಷ್ಟು ತಲೆಗೆ ಹೋದೀತು?

ಘಟ್ಟದ ಮೇಲಿನವರಿಗೆ ಮುಖ್ಯವಾದ ಇನ್ನೊಂದು ಎಚ್ಚರಿಕೆಯನ್ನಂತೂ ನಾನು ಯಾರ ಬಾಯಲ್ಲೂ ಕೇಳಿಲ್ಲ. ಆಳದಲ್ಲಿದ್ದಾಗ ರಕ್ತ ಮತ್ತು ಅಂಗಾಂಶಗಳಲ್ಲಿ ಕರಗಿದ ಸಾರಜನಕ ನಿಧಾನವಾಗಿ ಹೊರಬರಬೇಕು; ಅಷ್ಟರಲ್ಲಿ ಎತ್ತರಕ್ಕೇರಿ ಸುತ್ತಲಿನ ಒತ್ತಡ ಇಳಿದರೆ ಅದು ಮೈಯೊಳಗೆ ಗುಳ್ಳೆಗಟ್ಟಿ ಅಪಾಯವಾಗಬಹುದು. ಆದ್ದರಿಂದ ಒಂದು ಡೈವ್‌ನ ನಂತರ ಕನಿಷ್ಠ 12 ಗಂಟೆ, ಹೆಚ್ಚು ಡೈವ್‌ಗಳಾಗಿದ್ದರೆ 18 ಗಂಟೆ ವಿಮಾನ ಏರಬಾರದೆಂಬ ಸಲಹೆ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ವಿಮಾನದೊಳಗಿನ ಒತ್ತಡ ಸುಮಾರು 600ರಿಂದ 2,400 ಮೀಟರ್ ಎತ್ತರದ ಒತ್ತಡಕ್ಕೆ ಸಮನಾಗಿರುತ್ತದೆ ಎಂಬುದು ಈ ಲೆಕ್ಕಾಚಾರದ ಆಧಾರ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಕೊಡಚಾದ್ರಿಯ ತುದಿ 1,343 ಮೀಟರ್. ಬೆಳಿಗ್ಗೆ ಡೈವ್ ಮುಗಿಸಿ, ಊಟ ಮಾಡಿ, ಕೊಲ್ಲೂರಿನ ಮೇಲೆ ಹಾಯ್ದು ಸಂಜೆಗೆ ಕೊಡಚಾದ್ರಿಯಲ್ಲಿ ಸೂರ್ಯಾಸ್ತ ನೋಡುವ ಯೋಜನೆ ಹಾಕುವವರಿಗೆ ಇದನ್ನು ತಿಳಿಸುವುದು ಬೇಡವೇ? ಒಂದೇ ಸಲ, ಆಳವಿಲ್ಲದ ಕಡೆ, ಅರ್ಧ ಗಂಟೆ ಮುಳುಗಿದವರಿಗೆ ಅಪಾಯ ಕಡಿಮೆ ಎಂಬುದು ನಿಜ. ಕೋರ್ಸಿಗೆಂದು ಬಂದು ದಿನಕ್ಕೆ ಎರಡು ಸಲ, 18 ಮೀಟರ್‌ವರೆಗೆ ಇಳಿಯುವವರ ವಿಷಯ ಹಾಗಲ್ಲ.

ಹವಳದ ವಿಚಾರದಲ್ಲೂ ತಿಳಿವಳಿಕೆ ಮೊದಲೇ ಬೇಕು. ಬಂಡೆಯಂತೆ ಕಾಣುವ ಪೊರೈಟಿಸ್ ಜಾತಿಯ ಹವಳ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಸಮತೋಲನ ತಪ್ಪಿದ ಹೊಸಬರ ಕಾಲಿಗೆ ತೊಟ್ಟ ಫಿನ್ (ಈಜುರೆಕ್ಕೆ) ಒಮ್ಮೆ ತಾಗಿದರೆ, ವಿಡಿಯೋಗೆಂದು ಅದನ್ನು ಹಿಡಿದು ನಿಂತರೆ, ಹೋದದ್ದು ಎಷ್ಟು ವರ್ಷಗಳ ಬೆಳವಣಿಗೆ ಎಂದು ಲೆಕ್ಕ ಹಾಕಿಕೊಳ್ಳಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಹವಳಗಳನ್ನು 2001ರಲ್ಲೇ ಸೇರಿಸಲಾಗಿದೆ. ಹುಲಿಗಿರುವ ರಕ್ಷಣೆಯೇ ಅವಕ್ಕೂ ಇದೆ. ಸಮುದ್ರದ ಬಿಸಿಯೇರಿ ಜಗತ್ತಿನಾದ್ಯಂತ ಹವಳಗಳು ಬಿಳಿಚಿಕೊಳ್ಳುತ್ತಿವೆಯೆಂದು 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಘೋಷಿಸಿದ್ದಾರೆ. ಆ ಬಿಸಿಯನ್ನು ಭಟ್ಕಳ ತಾಲ್ಲೂಕಿನಲ್ಲಿ ಕುಳಿತು ತಡೆಯಲಾಗದು, ಕಾಲು ತಾಗದಂತೆ ನೋಡಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲೇ ಇದೆ.

ಆದ್ದರಿಂದ ಡೈವಿಂಗ್‌ಗೆ ಪರವಾನಗಿ ನೀಡುವವರು ಕೆಲವು ಷರತ್ತುಗಳನ್ನು ಹಾಕಬೇಕೆಂದು ಕೋರುತ್ತೇನೆ. ಆರೋಗ್ಯದ ಪ್ರಶ್ನಾವಳಿಯು ಬುಕಿಂಗ್ ಸಮಯದಲ್ಲೇ ಕನ್ನಡದಲ್ಲಿ ಪ್ರವಾಸಿಗರ ಕೈಸೇರಬೇಕು. ಆರೋಗ್ಯದ ಕಾರಣಕ್ಕೆ ಹಿಂದೆ ಸರಿಯುವವರಿಗೆ ಮುಂಗಡ ಹಣವನ್ನು ಪೂರ್ತಿ ಮರಳಿಸಬೇಕು. ಇದಿಲ್ಲದಿದ್ದರೆ ಯಾರೂ ನಿಜ ಬರೆಯುವುದಿಲ್ಲ. ಕಿವಿ, ಉಸಿರು, ಘಟ್ಟ ಹತ್ತುವ ಹೊತ್ತು ಮತ್ತು ಹವಳವನ್ನು ಮುಟ್ಟದಿರುವುದರ ಕುರಿತ ಪಾಠ ಹಿಂದಿನ ಸಂಜೆ ದಡದಲ್ಲೇ, ಸಾಧ್ಯವಾದರೆ ಈಜುಕೊಳದ ಅಭ್ಯಾಸದೊಂದಿಗೆ ನಡೆಯಲಿ. ಈ ಕೆಲಸಕ್ಕೆ ಕಡಲನ್ನು ಬಲ್ಲ ಸ್ಥಳೀಯ ಮೀನುಗಾರ ಕುಟುಂಬಗಳ ಯುವಕ ಯುವತಿಯರಿಗೆ ತರಬೇತಿ ಕೊಟ್ಟರೆ ಕನ್ನಡದಲ್ಲಿ ಹೇಳುವವರ ಕೊರತೆಯೂ ಇರದು.

ಇಂತಿ,
ನಿಮ್ಮ ಓದುಗ,
ಹೊನ್ನಾವರ