ಟ್ಯೂಷನ್ ಮಿಸ್ಸನ್ನೂ ದಂಧೆಗೆ ಸೇರಿಸಬೇಡಿ

ಮಾನ್ಯ ಸಂಪಾದಕರೇ,

‘ಟ್ಯೂಷನ್ ದಂಧೆ’ ಬಗ್ಗೆ ಮೊನ್ನೆ ನಿಮ್ಮಲ್ಲಿ ಬಂದ ಪತ್ರ ಓದಿದೆ. ಕಾಸಿಗೆ ಪಾಠ ಹೇಳುವವರೆಲ್ಲ ದಂಧೆಯವರೇ ಅನ್ನುವ ಹಾಗಿತ್ತು ಅದು. ಶಾಲೆಯಲ್ಲಿ ಅರ್ಧ ಪಾಠ ಮಾಡಿ, ಉಳಿದದ್ದನ್ನು ಸಂಜೆ ಮನೆಯಲ್ಲಿ ಮಾರುವವರ ಮೇಲೆ ನನಗೂ ಸಿಟ್ಟಿದೆ. ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ನೇ ಹೇಳುತ್ತದೆ. ಆದರೆ ಹನುಮಂತನಗರದಲ್ಲಿ 19 ವರ್ಷದಿಂದ ಮನೆಪಾಠ ಹೇಳಿಯೇ ಸಂಸಾರ ತೂಗಿಸಿದ ನನ್ನಂಥವಳನ್ನೂ ಅದೇ ಚೀಲಕ್ಕೆ ತುಂಬಿದರೆ ಹೇಗೆ? ಕಾಸು ತಗೊಂಡು ಪಾಠ ಹೇಳುವುದು ಹೊಸದೇನಲ್ಲ. ಹಿಂದೆ ಕೂಲಿಮಠದ, ಅಂದರೆ ಹಳೇ ಕಾಲದ ಊರ ಶಾಲೆಯ, ಐಗಳಿಗೆ (ಮೇಷ್ಟರಿಗೆ) ಮಕ್ಕಳ ಮನೆಯವರೇ ದುಡ್ಡೋ ದವಸವೋ ಕೊಡುತ್ತಿದ್ದರು.

ನನ್ನ ಹತ್ತಿರ ಮೂರನೇ ಕ್ಲಾಸಿನ ಹುಡುಗನೊಬ್ಬ ಬರುತ್ತಾನೆ. ಒಬ್ಬನ ಬಳಿ 12 ಪೆನ್ಸಿಲ್, ಇನ್ನೊಬ್ಬನ ಬಳಿ 7, ‘ಹೌ ಮೆನಿ ಮೋರ್’ ಅಂತ ಲೆಕ್ಕ. ಪ್ರತಿ ಸಲ 19 ಬರೆಯುತ್ತಿದ್ದ. ಪಕ್ಕದಲ್ಲಿ ಕೆಂಪು ಇಂಟು ಮಾರ್ಕ್. ಲೆಕ್ಕದಲ್ಲಿ ದಡ್ಡ ಅಂತ ಮನೆಯವರು ತೀರ್ಮಾನಿಸಿಬಿಟ್ಟಿದ್ದರು. “ಮೊದಲನೆಯವನ ಹತ್ರ ಎಷ್ಟು ಜಾಸ್ತಿ ಇದೆಯೋ?” ಅಂದೆ. ಪೆನ್ಸಿಲ್ ತುದಿ ಕಚ್ಚುತ್ತಾ “ಐದು ಮಿಸ್” ಅಂದ. ಕಳೆಯುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ‘ಮೋರ್’ ಕಂಡರೆ ಕೂಡಬೇಕು ಅಂತ ಯಾರೋ ತಲೆಗೆ ತುಂಬಿದ್ದರು, ಅಷ್ಟೇ. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಇದು ಕಣ್ಣಿಗೆ ಬೀಳುವುದು ಕಷ್ಟ. ಸುಮ್ನೆ ಟೀಚರನ್ನು ಬೈಯಲಾರೆ.

ಟ್ಯೂಟರ್ ಅನ್ನೋ ಪದದ ಬೇರು ಲ್ಯಾಟಿನ್‌ನಲ್ಲಿದೆ. ಕಾಯುವವನು ಅಂತ ಅರ್ಥ. ರೋಮನ್ನರ ಕಾನೂನಿನಲ್ಲಿ ಅಪ್ಪನಿಲ್ಲದ ಚಿಕ್ಕ ಮಕ್ಕಳ ಆಸ್ತಿ ನೋಡಿಕೊಳ್ಳುವವನಿಗೆ ಆ ಹೆಸರಿತ್ತು. ಫ್ರೆಂಚಿನಲ್ಲಂತೂ ಇದೇ ಬೇರಿನ ಪದ ಗಿಡಕ್ಕೆ ಊರುವ ಕೋಲಿಗೂ ಸಲ್ಲುತ್ತದೆ. ನನಗೆ ಆ ಕೋಲೇ ಇಷ್ಟ. ಟೊಮೆಟೊ ಗಿಡಕ್ಕೆ ನಾವೂ ಕಟ್ಟುತ್ತೇವೆ, ಅಲ್ವಾ?

ಕೆಲವು ಅಪ್ಪ ಅಮ್ಮಂದಿರಿಗೆ ಮಾತ್ರ ಕೋಲು ಕೀಳಲು ಭಯ. ಎಂಟನೇ ಕ್ಲಾಸಿನ ಹುಡುಗಿಗೆ ಇನ್ನು ನಾನು ಬೇಡ, ಅವಳೇ ಓದಿಕೊಳ್ಳುತ್ತಾಳೆ ಅಂದೆ. “ಹಾಗಾದ್ರೆ ಯಾವ ಕೋಚಿಂಗ್‌ಗೆ ಹಾಕೋಣ ಮೇಡಂ?” ಅಂದರು ಅವರಪ್ಪ. ಕೋಚಿಂಗ್ ಸೆಂಟರ್‌ಗಳು 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು ಅಂತ 2024ರಲ್ಲೇ ಕೇಂದ್ರದ ಮಾರ್ಗಸೂಚಿ ಬಂದಿದೆ ಅಂತ ಹೇಳಿದೆ. ನಕ್ಕುಬಿಟ್ಟರು.

ಇನ್ನು ಅವರ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನನ್ನ ಹೆಸರು ಹತ್ತುವುದು ‘ಡೆಲಿವರಿ’ ಕಾಲಂನಲ್ಲಿ. ಸೆಕ್ಯೂರಿಟಿ ಹುಡುಗನ ಫೋನಿನಲ್ಲಿ ನಮಗೆ ಬೇರೆ ಕಾಲಂ ಇಲ್ಲವಂತೆ. ಅವನದೇನು ತಪ್ಪು? ಪತ್ರಿಕೆಯವರು ನೀವಾದರೂ ‘ಮನೆಪಾಠ’ ಅಂತ ಬರೆಯಿರಿ.

— ಒಬ್ಬ ಟ್ಯೂಷನ್ ಮಿಸ್, ಹನುಮಂತನಗರ, ಬೆಂಗಳೂರು